ಸಾರಿಗೆಯ ಅಹವಾಲು ಯಾವ ಕಚೇರಿಗೆ? ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಯವರಿಗೆ ಕೈಪಿಡಿ

ಹೆದ್ದಾರಿಯಲ್ಲಿ ತಗ್ಗು ಬಿದ್ದರೂ, ಊರಿಗೆ ಬಸ್ಸು ಬಾರದಿದ್ದರೂ, ನಮ್ಮ ನಿಲ್ದಾಣದಲ್ಲಿ ಎಕ್ಸ್‌ಪ್ರೆಸ್ ರೈಲು ನಿಲ್ಲದಿದ್ದರೂ ಮನವಿ ಪತ್ರದ ತಲೆಯಲ್ಲಿ 'ಮಾನ್ಯ ಸಾರಿಗೆ ಸಚಿವರಿಗೆ' ಎಂದು ಬರೆಯುವುದು ನಮ್ಮ ಭಾಗದಲ್ಲಿ ರೂಢಿಯಾಗಿಬಿಟ್ಟಿದೆ. ಇಂಥ ಪತ್ರಗಳಲ್ಲಿ ಎಷ್ಟೋ 'ಸದರಿ ವಿಷಯವು ಈ ಕಚೇರಿಯ ವ್ಯಾಪ್ತಿಗೆ ಬರುವುದಿಲ್ಲ' ಎಂಬ ಹಿಂಬರಹ ಹೊತ್ತು ತಿಂಗಳುಗಳ ನಂತರ ಮರಳುತ್ತವೆ. ಅಧಿಕಾರಿಗಳ ಉದಾಸೀನವನ್ನು ದೂರುವ ಮುನ್ನ ಸಾರಿಗೆಯ ಆಡಳಿತ ಹೇಗೆ ಹಂಚಿಹೋಗಿದೆ ಎಂಬುದನ್ನು ಅರಿತುಕೊಂಡರೆ ಅರ್ಧ ಕೆಲಸ ಮುಗಿದಂತೆ.

ಮೊದಲು ತಿಳಿಯಬೇಕಾದದ್ದು, ದೆಹಲಿಯಲ್ಲಿ ಎಲ್ಲ ಸಾರಿಗೆಯನ್ನೂ ನೋಡಿಕೊಳ್ಳುವ ಒಂದೇ ಇಲಾಖೆ ಇಲ್ಲ. 1985ರಲ್ಲಿ ರೈಲ್ವೆ, ನಾಗರಿಕ ವಿಮಾನಯಾನ ಮತ್ತು ಭೂಸಾರಿಗೆಗಳನ್ನು ಒಂದೇ ಸಚಿವಾಲಯದ ಅಡಿಗೆ ತಂದ ಪ್ರಯೋಗ ನಡೆದಿತ್ತಾದರೂ ಮಾರನೆಯ ವರ್ಷವೇ ಅವು ಮತ್ತೆ ಬೇರೆಯಾದವು. ಇಂದು ರಸ್ತೆ ಸಾರಿಗೆ ಮತ್ತು ಹೆದ್ದಾರಿ, ರೈಲ್ವೆ, ನಾಗರಿಕ ವಿಮಾನಯಾನ, ಬಂದರು ಮತ್ತು ಜಲಸಾರಿಗೆ ಎಂಬ ಪ್ರತ್ಯೇಕ ಸಚಿವಾಲಯಗಳಿವೆ. ಸಂವಿಧಾನದ ಏಳನೆಯ ಅನುಸೂಚಿ ಈ ಹಂಚಿಕೆಗೆ ಬುನಾದಿ. ರೈಲು, ರಾಷ್ಟ್ರೀಯ ಹೆದ್ದಾರಿ ಮತ್ತು ವಿಮಾನಯಾನ ಕೇಂದ್ರ ಪಟ್ಟಿಯಲ್ಲಿವೆ; ಉಳಿದ ರಸ್ತೆ, ಸೇತುವೆಗಳು ಮತ್ತು ವಾಹನ ತೆರಿಗೆ ರಾಜ್ಯ ಪಟ್ಟಿಯಲ್ಲಿವೆ; ಯಂತ್ರಚಾಲಿತ ವಾಹನಗಳು ಸಮವರ್ತಿ ಪಟ್ಟಿಯ 35ನೆಯ ನಮೂದಿನಲ್ಲಿವೆ. ನಿಮ್ಮ ಜೇಬಿನಲ್ಲಿರುವ ಹೊಸ ಮಾದರಿಯ ಚಾಲನಾ ಪರವಾನಗಿಯನ್ನು ತೆಗೆದು ನೋಡಿದರೆ ಇದು ಸ್ಪಷ್ಟವಾಗುತ್ತದೆ: ಮೇಲೆ ಅದು ಭಾರತ ಒಕ್ಕೂಟದ ಪರವಾನಗಿ ಎಂದು ಅಚ್ಚಾಗಿರುತ್ತದೆ, ಅದರ ಕೆಳಗೆ ನೀಡಿದವರು ಕರ್ನಾಟಕ ಸರ್ಕಾರ ಎಂದಿರುತ್ತದೆ, ಸಂಖ್ಯೆ ಮಾತ್ರ ಕೆಎ-32 ಎಂದು ಕಲಬುರಗಿಯಿಂದಲೇ ಆರಂಭವಾಗುತ್ತದೆ. ಕಾನೂನು ದೆಹಲಿಯದು, ಜಾರಿ ಬೆಂಗಳೂರಿನದು, ಮೊಹರು ಜಿಲ್ಲೆಯದು.

ಕೇಂದ್ರ ಸಚಿವಾಲಯದ ಒಳರಚನೆ

ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯವು 2009ರಲ್ಲಿ ನೌಕಾ ಸಾರಿಗೆಯಿಂದ ಬೇರ್ಪಟ್ಟು ಸ್ವತಂತ್ರವಾಯಿತು. ಸಚಿವರ ಕೆಳಗೆ ಭಾರತೀಯ ಆಡಳಿತ ಸೇವೆಯ ಕಾರ್ಯದರ್ಶಿಯೊಬ್ಬರಿದ್ದು, ಅವರ ಅಧೀನದಲ್ಲಿ ಎರಡು ಪ್ರಮುಖ ಅಂಗಗಳಿವೆ. ರಸ್ತೆ ವಿಭಾಗವು ಎಂಜಿನಿಯರುಗಳದ್ದು. ಮಹಾನಿರ್ದೇಶಕರಿಂದ ಮುಖ್ಯ ಎಂಜಿನಿಯರು, ಅಧೀಕ್ಷಕ ಎಂಜಿನಿಯರುಗಳವರೆಗೆ ಅದರ ಶ್ರೇಣಿ ಇಳಿಯುತ್ತದೆ, ಮತ್ತು ಕರ್ನಾಟಕಕ್ಕಾಗಿ ಬೆಂಗಳೂರಿನಲ್ಲಿ ಅದರ ಪ್ರಾದೇಶಿಕ ಕಚೇರಿ ಇದೆ. ಸಾರಿಗೆ ವಿಭಾಗವು 1988ರ ಮೋಟಾರು ವಾಹನ ಕಾಯ್ದೆ, 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಹಾಗೂ ರಸ್ತೆ ಸುರಕ್ಷತೆಯ ನೀತಿಯನ್ನು ನೋಡಿಕೊಳ್ಳುತ್ತದೆ. ಈ ವಿಭಾಗದ ಒಬ್ಬ ಅಧಿಕಾರಿಯೂ ನಿಮ್ಮ ಟಂಟಂ ಗಾಡಿಯನ್ನು ತಡೆದು ಕಾಗದ ಕೇಳುವುದಿಲ್ಲ. ನಿಯಮ ರೂಪಿಸುವುದಷ್ಟೇ ಅದರ ಕೆಲಸ. ಆದ್ದರಿಂದ ದಂಡ, ಪರವಾನಗಿ, ನೋಂದಣಿಯ ವಿಳಂಬದ ಬಗ್ಗೆ ದೆಹಲಿಗೆ ಬರೆಯುವುದು ವ್ಯರ್ಥ ಅಂಚೆವೆಚ್ಚ.

ಇದೇ ಸಚಿವಾಲಯದ ಅಡಿಯಲ್ಲಿ, 1988ರ ಕಾಯ್ದೆಯಿಂದ ರಚನೆಯಾಗಿ 1995ರಲ್ಲಿ ಕಾರ್ಯಾರಂಭ ಮಾಡಿದ ಭಾರತೀಯ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರವಿದೆ. ಅದರ ಅಧ್ಯಕ್ಷರು ದೆಹಲಿಯಲ್ಲಿ, ಪ್ರಾದೇಶಿಕ ಅಧಿಕಾರಿ ರಾಜ್ಯಮಟ್ಟದಲ್ಲಿ ಇರುತ್ತಾರೆ. ಆದರೆ ನಮಗೆ ನಿಜವಾಗಿ ಬೇಕಾದವರು ಯೋಜನಾ ಅನುಷ್ಠಾನ ಘಟಕದ ಮುಖ್ಯಸ್ಥರಾದ ಯೋಜನಾ ನಿರ್ದೇಶಕರು. ಗುತ್ತಿಗೆದಾರನಿಗೆ ನೋಟಿಸು ಕೊಡುವವರು, ಕೆಲಸ ಅಳೆಯಿಸುವವರು, ದುರಸ್ತಿಗೆ ಗಡುವು ಹಾಕುವವರು ಅವರೇ.

ರಸ್ತೆ ಯಾರದೆಂದು ಗುರುತಿಸುವುದು

ಕಲಬುರಗಿ ಭಾಗದ ಹೆದ್ದಾರಿಗಳ ಸಂಖ್ಯೆಯಲ್ಲೇ ಗೊಂದಲವಿದೆ. 2010ರಲ್ಲಿ ದೇಶದ ಹೆದ್ದಾರಿಗಳಿಗೆ ಹೊಸ ಸಂಖ್ಯೆ ಬಂದ ಮೇಲೆ ಸೊಲ್ಲಾಪುರ, ಹುಮನಾಬಾದ್, ಹೈದರಾಬಾದ್ ಮಾರ್ಗದ ಹಳೆಯ 9ನೆಯ ಹೆದ್ದಾರಿ 65 ಆಯಿತು. ಹುಮನಾಬಾದಿನಿಂದ ಕಲಬುರಗಿ, ಜೇವರ್ಗಿ, ಸಿಂದಗಿ, ವಿಜಯಪುರಕ್ಕೆ ಹೋಗುತ್ತಿದ್ದ 218, ಬೀದರ್ ಕಡೆಯಿಂದ ಬರುವ 50ರಲ್ಲಿ ಸೇರಿಹೋಯಿತು. ಜೇವರ್ಗಿಯಿಂದ ಶಹಾಪುರ, ಸುರಪುರ, ಲಿಂಗಸುಗೂರಿನತ್ತ ಸಾಗುವುದು 150ಎ. ಹಳೆಯ ಸಂಖ್ಯೆ ಹಾಕಿ ಬರೆದ ಪತ್ರ ಕಡತದೊಳಗೆ ದಾರಿ ತಪ್ಪುವುದು ಸಹಜ.

ಸಂಖ್ಯೆ ತಿಳಿಯದಿದ್ದರೆ ರಸ್ತೆಬದಿಯ ಕಿಲೋಮೀಟರ್ ಕಲ್ಲನ್ನು ನೋಡಬೇಕು. ಅದರ ನೆತ್ತಿ ಹಳದಿಯಾಗಿದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರಾಗಿದ್ದರೆ ರಾಜ್ಯ ಹೆದ್ದಾರಿ, ನೀಲಿ ಅಥವಾ ಕಪ್ಪಾಗಿದ್ದರೆ ಜಿಲ್ಲಾ ರಸ್ತೆ, ಕೇಸರಿಯಾಗಿದ್ದರೆ ಗ್ರಾಮೀಣ ರಸ್ತೆ. ಎರಡು ಕಿಲೋಮೀಟರ್ ಕಲ್ಲುಗಳ ನಡುವೆ ಇನ್ನೂರು ಮೀಟರಿಗೊಂದರಂತೆ ಹುಲ್ಲಿನಲ್ಲಿ ಅರ್ಧ ಮುಚ್ಚಿಹೋದ ಗಿಡ್ಡ ಕಲ್ಲುಗಳಿರುತ್ತವೆ. ಅವುಗಳ ಮೇಲೆ 2, 4, 6, 8 ಎಂದಷ್ಟೇ ಬರೆದಿರುತ್ತದೆ. 'ಪೆಟ್ರೋಲ್ ಬಂಕಿನ ಹತ್ತಿರದ ತಗ್ಗು' ಎಂದು ಬರೆಯುವ ಬದಲು ಹೆದ್ದಾರಿಯ ಸಂಖ್ಯೆ, ಕಿಲೋಮೀಟರ್ ಕಲ್ಲಿನ ಸಂಖ್ಯೆ ಹಾಗೂ ಗಿಡ್ಡ ಕಲ್ಲಿನ ಅಂಕಿಯನ್ನು ಬರೆದರೆ ಎಂಜಿನಿಯರು ಸ್ಥಳಕ್ಕೆ ಬಾರದೆಯೇ ಅದು ಯಾವ ಗುತ್ತಿಗೆಯ ಭಾಗವೆಂದು ತಿಳಿಯಬಲ್ಲರು. ಕಲ್ಲಿನ ಬಣ್ಣವನ್ನು ಕಣ್ಣುಮುಚ್ಚಿ ನಂಬುವಂತೆಯೂ ಇಲ್ಲ. ಬೈಪಾಸ್ ಆದ ಮೇಲೆ ಊರೊಳಗಿನ ಹಳೆಯ ಹೆದ್ದಾರಿಯನ್ನು ರಾಜ್ಯಕ್ಕೆ ಒಪ್ಪಿಸುವುದುಂಟು, ಹಳದಿ ಬಣ್ಣ ಮಾತ್ರ ವರ್ಷಗಟ್ಟಲೆ ಹಾಗೆಯೇ ಉಳಿಯುತ್ತದೆ.

ಇನ್ನೊಂದು ಸೂಕ್ಷ್ಮವಿದೆ. ಎಲ್ಲ ರಾಷ್ಟ್ರೀಯ ಹೆದ್ದಾರಿಗಳೂ ಪ್ರಾಧಿಕಾರದ ವಶದಲ್ಲಿಲ್ಲ. ಎಷ್ಟೋ ಭಾಗಗಳನ್ನು ಕೇಂದ್ರದ ಹಣದಿಂದ ರಾಜ್ಯದ ಲೋಕೋಪಯೋಗಿ ಇಲಾಖೆಯ ರಾಷ್ಟ್ರೀಯ ಹೆದ್ದಾರಿ ವಿಭಾಗವೇ ನಿರ್ವಹಿಸುತ್ತದೆ. ಟೋಲ್ ನಾಕೆ ಇರುವ ಕಡೆ ಪ್ರಾಧಿಕಾರದ ಸಂಪರ್ಕ ವಿವರಗಳುಳ್ಳ ಫಲಕವಿರುತ್ತದೆ, ಅದನ್ನು ಫೋಟೋ ತೆಗೆದಿಟ್ಟುಕೊಳ್ಳುವುದು ಜಾಣತನ. ಹೆದ್ದಾರಿಯಲ್ಲಿ ಅಪಘಾತವಾದಾಗ ಅಥವಾ ವಾಹನ ಕೆಟ್ಟು ನಿಂತಾಗ 1033ಕ್ಕೆ ಕರೆ ಮಾಡಬಹುದು.

ಅಪಘಾತದ ಜಾಗವೊಂದನ್ನು ಸರಿಪಡಿಸಬೇಕೆಂದರೆ 'ಇಲ್ಲಿ ಬಹಳ ಜನ ಸಾಯುತ್ತಿದ್ದಾರೆ' ಎಂಬ ಮಾತು ಸಾಲದು. ಸುಮಾರು 500 ಮೀಟರ್ ಉದ್ದದ ಭಾಗದಲ್ಲಿ ಮೂರು ವರ್ಷಗಳಲ್ಲಿ ಸಾವು ಅಥವಾ ತೀವ್ರ ಗಾಯಗಳಾದ 5 ಅಪಘಾತಗಳು, ಇಲ್ಲವೇ ಒಟ್ಟು 10 ಸಾವುಗಳು ಸಂಭವಿಸಿದ್ದರೆ ಅದನ್ನು ಸಚಿವಾಲಯವು ಕಪ್ಪುಚುಕ್ಕೆ ಎಂದು ಪರಿಗಣಿಸುತ್ತದೆ. ಪೊಲೀಸ್ ಠಾಣೆಯಿಂದ ಅಪರಾಧ ಸಂಖ್ಯೆ ಮತ್ತು ದಿನಾಂಕಗಳನ್ನು ಪಡೆದು ಪಟ್ಟಿ ಮಾಡಿ, ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ ಕೊಡಬೇಕು. ಪೊಲೀಸ್, ಲೋಕೋಪಯೋಗಿ, ಪ್ರಾಧಿಕಾರ ಮತ್ತು ಸಾರಿಗೆ ಅಧಿಕಾರಿಗಳು ಒಂದೇ ಮೇಜಿನ ಸುತ್ತ ಕೂರುವ ಸಭೆ ಅದು. ಒಬ್ಬರು ಇನ್ನೊಬ್ಬರ ಕಡೆ ಬೆರಳು ತೋರಿಸುವುದು ಅಲ್ಲಿ ಕಷ್ಟ.

ಹೊಸ ಹೆದ್ದಾರಿಗೆ ಜಮೀನು ಹೋಗುವ ರೈತರಿಗೆ ಬೇರೆಯದೇ ಎಚ್ಚರಿಕೆ ಅಗತ್ಯ. 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯ 3ಎ ಕಲಮಿನ ಅಧಿಸೂಚನೆ ರಾಜಪತ್ರದಲ್ಲಿ ಪ್ರಕಟವಾದ ದಿನದಿಂದ 21 ದಿನಗಳೊಳಗೆ ಭೂಸ್ವಾಧೀನದ ಸಕ್ಷಮ ಪ್ರಾಧಿಕಾರಕ್ಕೆ ಲಿಖಿತ ಆಕ್ಷೇಪಣೆ ಸಲ್ಲಿಸಬೇಕು. ಪರಿಹಾರದ ಮೊತ್ತ ಒಪ್ಪಿಗೆಯಾಗದಿದ್ದರೆ ಕೇಂದ್ರ ಸರ್ಕಾರ ನೇಮಿಸಿದ ಮಧ್ಯಸ್ಥಗಾರರ ಮುಂದೆ ಹೋಗಬಹುದು. ತಹಶೀಲ್ದಾರರಿಗೆ ಕೊಟ್ಟ ಮನವಿ ಈ ಆಕ್ಷೇಪಣೆಯ ಸ್ಥಾನವನ್ನು ತುಂಬುವುದಿಲ್ಲ. ಪಹಣಿಯಲ್ಲಿನ ಹೆಸರು, ಸರ್ವೆ ನಂಬರು ಮತ್ತು ವಿಸ್ತೀರ್ಣ ಅಧಿಸೂಚನೆಯೊಂದಿಗೆ ತಾಳೆಯಾಗುತ್ತವೆಯೇ ಎಂದು ಅಂದೇ ನೋಡಿಕೊಳ್ಳಬೇಕು. ಪೋತಿ ಖಾತೆ ಆಗದೆ ಅಜ್ಜನ ಹೆಸರಿನಲ್ಲೇ ಉಳಿದ ಹೊಲಗಳಲ್ಲಿ ಪರಿಹಾರ ಸಿಕ್ಕಿಬೀಳುವುದೇ ಹೆಚ್ಚು.

ವಾಹನ ಮತ್ತು ಬಸ್ಸು

ನೋಂದಣಿ, ಪರವಾನಗಿ, ಅರ್ಹತಾ ಪತ್ರ ಮತ್ತು ತೆರಿಗೆ ರಾಜ್ಯ ಸಾರಿಗೆ ಇಲಾಖೆಯ ಕೆಲಸ. ಬೆಂಗಳೂರಿನ ಆಯುಕ್ತರ ಕೆಳಗೆ ಜಂಟಿ ಆಯುಕ್ತರು, ಅವರ ಕೆಳಗೆ ಪ್ರಾದೇಶಿಕ ಸಾರಿಗೆ ಅಧಿಕಾರಿಗಳಿದ್ದಾರೆ. ಕಲಬುರಗಿಗೆ ಕೆಎ-32, ಯಾದಗಿರಿಗೆ 33, ಬೀದರಿಗೆ 38, ಭಾಲ್ಕಿಗೆ 39, ಬಸವಕಲ್ಯಾಣಕ್ಕೆ 56. ಅರ್ಜಿ ಸಲ್ಲಿಸುವ ಸಾರಥಿ ಮತ್ತು ವಾಹನ್ ತಂತ್ರಾಂಶಗಳು ಮಾತ್ರ ಕೇಂದ್ರದವು. ಕಲಿಕಾ ಪರವಾನಗಿ ಆರು ತಿಂಗಳು ಊರ್ಜಿತವಾಗಿದ್ದು, ಅದು ಸಿಕ್ಕ 30 ದಿನಗಳ ನಂತರ ಚಾಲನಾ ಪರೀಕ್ಷೆಗೆ ಹಾಜರಾಗಬಹುದು. ಮ್ಯಾಕ್ಸಿಕ್ಯಾಬ್ ಅಥವಾ ಆಟೋಗಳ ರಹದಾರಿಯ ತಕರಾರು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾದೇಶಿಕ ಸಾರಿಗೆ ಪ್ರಾಧಿಕಾರಕ್ಕೆ ಹೋಗುತ್ತದೆ.

ಬಸ್ಸಿನ ವಿಷಯವೇ ಬೇರೆ. ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮವು 1950ರ ರಸ್ತೆ ಸಾರಿಗೆ ನಿಗಮಗಳ ಕಾಯ್ದೆಯಡಿಯ ಸಂಸ್ಥೆ. 2000ದಲ್ಲಿ ಈಶಾನ್ಯ ಕರ್ನಾಟಕ ನಿಗಮವಾಗಿ ಆರಂಭವಾದ ಅದರ ಕೇಂದ್ರ ಕಚೇರಿ ಕಲಬುರಗಿಯಲ್ಲೇ ಇದೆ. ಊರಿಗೆ ಹೊಸ ಬಸ್ಸು ಬೇಕಾದರೆ ಘಟಕ ವ್ಯವಸ್ಥಾಪಕರಿಗೆ ಮನವಿ ಕೊಟ್ಟು, ಪ್ರತಿಯನ್ನು ವಿಭಾಗೀಯ ನಿಯಂತ್ರಣಾಧಿಕಾರಿಗೆ ಕಳುಹಿಸಬೇಕು. ಶಾಲೆಗೆ ಹೋಗುವ ಮಕ್ಕಳ ಸಂಖ್ಯೆಯನ್ನು ಮುಖ್ಯೋಪಾಧ್ಯಾಯರ ಸಹಿಯೊಂದಿಗೆ ಲಗತ್ತಿಸಿದರೆ ಮನವಿಗೆ ತೂಕ ಬರುತ್ತದೆ. ಸೊಲ್ಲಾಪುರ ಅಥವಾ ಹೈದರಾಬಾದಿಗೆ ಹೆಚ್ಚುವರಿ ಬಸ್ಸು ಕೇಳುವವರು ಅದಕ್ಕೆ ರಾಜ್ಯಗಳ ನಡುವಿನ ಒಪ್ಪಂದವೂ ಬೇಕೆಂಬುದನ್ನು ಗಮನದಲ್ಲಿಡಬೇಕು.

ರೈಲು ಮತ್ತು ವಿಮಾನ

ಕರ್ನಾಟಕದ ರೈಲ್ವೆ ಎಂದರೆ ಹುಬ್ಬಳ್ಳಿ ಎಂಬ ಎಣಿಕೆ ನಮ್ಮ ಮೂರು ಜಿಲ್ಲಾ ಕೇಂದ್ರಗಳಿಗೆ ಅನ್ವಯಿಸುವುದಿಲ್ಲ. ಕಲಬುರಗಿ ನಿಲ್ದಾಣ ಮಧ್ಯ ರೈಲ್ವೆಯ ಸೊಲ್ಲಾಪುರ ವಿಭಾಗದಲ್ಲಿದೆ, ಬೀದರ್ ಸಿಕಂದರಾಬಾದ್ ವಿಭಾಗದಲ್ಲಿದೆ, ಯಾದಗಿರಿ ದಕ್ಷಿಣ ಮಧ್ಯ ರೈಲ್ವೆಗೆ ಸೇರಿದೆ. ಕಲಬುರಗಿಯವರೇ ಆದ ಮಲ್ಲಿಕಾರ್ಜುನ ಖರ್ಗೆಯವರು 2013-14ರಲ್ಲಿ ರೈಲ್ವೆ ಸಚಿವರಾಗಿದ್ದಾಗಿನಿಂದಲೂ ಕಲಬುರಗಿ ವಿಭಾಗದ ಮಾತು ಕೇಳಿಬರುತ್ತಿದೆ. ಆದರೆ ಮನವಿ ಬರೆಯುವವರು ಇರುವ ವ್ಯವಸ್ಥೆಗೇ ಬರೆಯಬೇಕಲ್ಲವೇ? 2017ರ ಅಕ್ಟೋಬರ್ 29ರಂದು ಉದ್ಘಾಟನೆಯಾದ ಬೀದರ್-ಕಲಬುರಗಿ ಮಾರ್ಗದಲ್ಲಿ ಓಡಾಡುವವರು ಎರಡು ವಿಭಾಗಗಳನ್ನೂ ನೆನಪಿಡಬೇಕಾಗುತ್ತದೆ. ನಿಲ್ದಾಣದ ನೀರು, ಶೌಚಾಲಯ, ಮೇಲ್ಛಾವಣಿಯಂಥ ವಿಷಯಗಳು ವಿಭಾಗೀಯ ರೈಲ್ವೆ ವ್ಯವಸ್ಥಾಪಕರ ಮಟ್ಟದಲ್ಲೇ ಇತ್ಯರ್ಥವಾಗುತ್ತವೆ. ಎಕ್ಸ್‌ಪ್ರೆಸ್ ರೈಲಿನ ಹೊಸ ನಿಲುಗಡೆಗೆ ವಲಯದ ಶಿಫಾರಸಿನ ಮೇಲೆ ದೆಹಲಿಯ ರೈಲ್ವೆ ಮಂಡಳಿಯ ಒಪ್ಪಿಗೆ ಬೇಕು. ಪ್ರಯಾಣದ ನಡುವಿನ ತೊಂದರೆಗೆ 139ಕ್ಕೆ ಕರೆ ಮಾಡಿದರೆ ಸಾಕು.

ಕಲಬುರಗಿ ವಿಮಾನ ನಿಲ್ದಾಣವನ್ನು 2019ರ ನವೆಂಬರ್ 22ರಿಂದ ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರ ನಡೆಸುತ್ತಿದೆ. ಬೀದರಿನಲ್ಲಿ ರನ್‌ವೇ ವಾಯುಪಡೆಯದು. ವಿಮಾನ ಹಾರಿಸುವುದು ಬಿಡುವುದು ಕಂಪನಿಯ ತೀರ್ಮಾನ.

ಮನವಿ ಬರೆಯುವಾಗ

ಒಂದು ಪತ್ರದಲ್ಲಿ ಒಂದೇ ವಿಷಯವಿರಲಿ, ಎರಡು ಕಚೇರಿಗಳ ವಿಷಯ ಕೂಡಿದರೆ ಎರಡೂ ಕಚೇರಿಗಳು ಅದನ್ನು ಬದಿಗಿಡುತ್ತವೆ. ರೈಲ್ವೆ ಮೇಲ್ಸೇತುವೆಯಂಥ ಕಾಮಗಾರಿಗಳಲ್ಲಿ ಹಳಿಯ ಮೇಲಿನ ಭಾಗವನ್ನು ರೈಲ್ವೆಯೂ ಎರಡೂ ಕಡೆಯ ಏರುರಸ್ತೆಯನ್ನು ರಸ್ತೆಯ ಇಲಾಖೆಯೂ ಮಾಡುವುದು ಸಾಮಾನ್ಯವಾದ್ದರಿಂದ, ನಿಂತಿರುವುದು ಯಾವ ಭಾಗವೆಂದು ನೋಡಿಯೇ ಬರೆಯಬೇಕು. ಟಪಾಲು ಶಾಖೆಯಲ್ಲಿ ಕೊಟ್ಟು ಪ್ರತಿಯ ಮೇಲೆ ಮೊಹರು ಮತ್ತು ದಿನಾಂಕ ಹಾಕಿಸಿಕೊಳ್ಳದೆ ಹೊರಬರಬಾರದು.

ಉತ್ತರ ಬಾರದಿದ್ದರೆ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದೊಂದಿಗೆ 'ಇಂಥ ದಿನಾಂಕದ ನನ್ನ ಮನವಿಯ ಮೇಲೆ ಕೈಗೊಂಡ ಕ್ರಮದ ಕಡತದ ಟಿಪ್ಪಣಿ ಹಾಳೆಗಳ ಪ್ರತಿ' ಎಂದು ಕೇಳಬೇಕು. ಉತ್ತರಕ್ಕೆ 30 ದಿನಗಳ ಅವಧಿ ಇದೆ. ಹೆದ್ದಾರಿ ಪ್ರಾಧಿಕಾರ ಮತ್ತು ರೈಲ್ವೆಗೆ ಕೇಂದ್ರದ ಆನ್‌ಲೈನ್ ಪೋರ್ಟಲ್, ಬಸ್ಸಿನ ನಿಗಮ ಮತ್ತು ಸಾರಿಗೆ ಇಲಾಖೆಗೆ ರಾಜ್ಯದ ಪೋರ್ಟಲ್ ಬಳಸಬೇಕು. ರಾಜ್ಯದ ಕಚೇರಿಗೆ ಸಂಬಂಧಿಸಿದ ಅರ್ಜಿಯನ್ನು ಕೇಂದ್ರದ ಪೋರ್ಟಲಿನಲ್ಲಿ ಹಾಕಿದರೆ ಶುಲ್ಕ ಹಿಂದಿರುಗಿಸದೆ ಅರ್ಜಿಯನ್ನಷ್ಟೇ ಮರಳಿಸುತ್ತಾರೆ. ಮೊದಲ ಮೇಲ್ಮನವಿಗೆ 30 ದಿನ, ಎರಡನೆಯದಕ್ಕೆ 90 ದಿನಗಳ ಕಾಲಾವಕಾಶವಿದೆ. ಎರಡನೆಯ ಮೇಲ್ಮನವಿಯು ಕೇಂದ್ರದ ಕಚೇರಿಗಳ ಮಟ್ಟಿಗೆ ದೆಹಲಿಯ ಕೇಂದ್ರ ಮಾಹಿತಿ ಆಯೋಗಕ್ಕೂ, ರಾಜ್ಯದ ಕಚೇರಿಗಳ ಮಟ್ಟಿಗೆ ಕರ್ನಾಟಕ ಮಾಹಿತಿ ಆಯೋಗಕ್ಕೂ ಹೋಗುತ್ತದೆ. ರಾಜ್ಯದ ಆಯೋಗಕ್ಕೆ ಕಲಬುರಗಿಯಲ್ಲೇ ಪೀಠ ಇರುವುದರಿಂದ ವಿಚಾರಣೆಗಾಗಿ ಬೆಂಗಳೂರಿನವರೆಗೆ ಹೋಗಬೇಕಾದ ಪ್ರಮೇಯ ನಮ್ಮ ಭಾಗದವರಿಗೆ ಕಡಿಮೆ.