ಸಸಿ ನೆಡುವ ಮುನ್ನ ತಕ್ಕಡಿ ಹಿಡಿಯಿರಿ

ಜೂನ್ 5ರ ವಿಶ್ವ ಪರಿಸರ ದಿನ ಬಂತೆಂದರೆ ಶಾಲೆಗಳಲ್ಲಿ ಗುಂಡಿ ತೋಡಿ, ಸಸಿ ನೆಟ್ಟು, ಫೋಟೊ ತೆಗೆಸಿಕೊಳ್ಳುವುದು ವಾಡಿಕೆ. ಮುಂದಿನ ಏಪ್ರಿಲ್-ಮೇ ರಜೆಯಲ್ಲಿ ನೀರು ಹಾಕುವವರಿಲ್ಲದೆ ಅವು ಒಣಗುವುದೂ ವಾಡಿಕೆಯೇ. ಶಾಲೆ ಪರಿಸರದ ಮೇಲೆ ಹೊರಿಸುವ ಭಾರ ಹೆಚ್ಚಾಗಿ ಇರುವುದು ಬಿಸಿಯೂಟದ ಅಡುಗೆಮನೆ, ನಲ್ಲಿ ಮತ್ತು ಹಿತ್ತಲಲ್ಲಿ ಕಸ ಸುಡುವ ಮೂಲೆಯಲ್ಲಿ. ಸುಮಾರು 120 ಮಕ್ಕಳಿರುವ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯನ್ನು ಲೆಕ್ಕಕ್ಕಿಟ್ಟುಕೊಂಡು, ಎಲ್ಲಿಂದ ಶುರು ಮಾಡಬೇಕೆಂದು ನೋಡೋಣ.

ಮೊದಲ ವಾರ: ಬರೀ ಅಳತೆ

ಒಂದು ತೂಗುವ ತಕ್ಕಡಿ, ಎರಡು ಬಕೆಟ್, ಒಂದು ನೋಟ್‌ಬುಕ್ ಸಾಕು. ಪಾತ್ರೆಯಲ್ಲಿ ಉಳಿದ ಅನ್ನವನ್ನು ಒಂದು ಬಕೆಟ್‌ಗೆ, ತಟ್ಟೆಯಲ್ಲಿ ಬಿಟ್ಟಿದ್ದನ್ನು ಇನ್ನೊಂದಕ್ಕೆ ಹಾಕಿ ಬೇರೆಬೇರೆಯಾಗಿ ತೂಗಿ. ಎರಡಕ್ಕೂ ಕಾರಣ ಬೇರೆ, ಮದ್ದೂ ಬೇರೆ. ಕರೆಂಟ್ ಮೀಟರ್ ರೀಡಿಂಗ್ ದಿನವೂ ಒಂದೇ ಹೊತ್ತಿಗೆ ಬರೆಯಿರಿ. ಶನಿವಾರ ಶಾಲೆ ಬಿಟ್ಟ ಮೇಲೆ ಟ್ಯಾಂಕ್‌ನ ನೀರಿನ ಮಟ್ಟ ಗುರುತಿಸಿ, ಎಲ್ಲ ನಲ್ಲಿ ಮುಚ್ಚಿ ಹೋಗಿ. ಸೋಮವಾರ ಬೆಳಿಗ್ಗೆ ಮಟ್ಟ ಇಳಿದಿದ್ದರೆ ಎಲ್ಲೋ ಸೋರಿಕೆ ಇದೆ. ಸೆಕೆಂಡಿಗೊಂದು ಹನಿ ತೊಟ್ಟಿಕ್ಕುವ ನಲ್ಲಿ ದಿನಕ್ಕೆ ಸುಮಾರು 20 ಲೀಟರ್ ನೀರು ಕಳೆಯುತ್ತದೆ. ಬಹಳ ಸಲ ಹೊಸ ವಾಷರ್ ಹಾಕಿದರೆ ಅದು ನಿಲ್ಲುತ್ತದೆ.

ಬಿಸಿಯೂಟ

1ರಿಂದ 5ನೇ ತರಗತಿಯ ಮಗುವಿಗೆ 100 ಗ್ರಾಂ, 6ರಿಂದ 8ನೇ ತರಗತಿಯ ಮಗುವಿಗೆ 150 ಗ್ರಾಂ ಧಾನ್ಯ ಎಂಬುದು ನಿಗದಿತ ಪ್ರಮಾಣ. ಎರಡೂ ಕಡೆ 60 ಮಕ್ಕಳಿದ್ದರೆ ದಿನಕ್ಕೆ 15 ಕಿಲೋ ಅಕ್ಕಿ. ಸಂತೆ, ಜಾತ್ರೆ, ಸುಗ್ಗಿಯ ದಿನ 15 ಮಕ್ಕಳು ಬರದಿದ್ದರೂ ದಾಖಲಾತಿ ನೋಡಿ ಅಕ್ಕಿ ಅಳೆದರೆ ಸುಮಾರು ಎರಡು ಕಿಲೋ ಹೆಚ್ಚಾಗುತ್ತದೆ. ಬೆಂದ ಮೇಲೆ ಅದು ಐದಾರು ಕಿಲೋ ಅನ್ನ. ಹಾಗಾಗಿ ಪ್ರಾರ್ಥನೆ ಮುಗಿದ ಕೂಡಲೇ ತರಗತಿವಾರು ತಲೆ ಎಣಿಸಿ, ಆ ಚೀಟಿ ಅಡುಗೆಯವರ ಕೈ ಸೇರಿದ ಮೇಲೆಯೇ ಅಕ್ಕಿ ತೊಳೆಯಬೇಕು. ತಟ್ಟೆಯಲ್ಲಿ ಬಿಡುವುದು ಹೆಚ್ಚಿದ್ದರೆ ಮಕ್ಕಳನ್ನು ಗದರಿಸಬೇಡಿ. ಮೊದಲ ಸಲ ಅರ್ಧವೇ ಬಡಿಸಿ, ಎರಡನೇ ಸಲಕ್ಕೆ ಸೌಟು ಹಿಡಿದು ಸಾಲಿನಲ್ಲಿ ಬನ್ನಿ. ಸಾಂಬಾರ್ ನೀರಾಗಿದ್ದ ದಿನ ಅನ್ನ ಹೆಚ್ಚು ಉಳಿಯುತ್ತದೆಯೇ ಎಂಬುದೂ ನೋಟ್‌ಬುಕ್‌ನಲ್ಲಿ ಗೊತ್ತಾಗುತ್ತದೆ.

ತೊಗರಿಬೇಳೆಯನ್ನು ಒಂದು ಗಂಟೆ ನೆನೆಸಿ, ಮುಚ್ಚಳ ಮುಚ್ಚಿ ಬೇಯಿಸಿದರೆ ಗ್ಯಾಸ್ ಉಳಿಯುತ್ತದೆ. ಬೋರ್‌ವೆಲ್‌ನ ಗಡಸು ನೀರಿನಲ್ಲಿ ಬೇಳೆ ಬೇಯಲು ಹೆಚ್ಚು ಹೊತ್ತು ಬೇಕು. ಮಳೆನೀರು ಹಿಡಿದಿಟ್ಟಿದ್ದರೆ ಮೊದಲು ಬಳಸಬೇಕಾದದ್ದು ಇಲ್ಲಿಯೇ.

ಉಳಿದದ್ದು ಎಲ್ಲಿಗೆ?

ತರಕಾರಿ ಸಿಪ್ಪೆ, ಅಕ್ಕಿ ತೊಳೆದ ನೀರು ಕಲಗಚ್ಚಿನ ಬಕೆಟ್‌ಗೆ ಹೋಗಲಿ. ಹತ್ತಿರದಲ್ಲಿ ದನ ಕಟ್ಟಿದವರು ಒಯ್ಯುತ್ತಾರೆ. ಬೆಂದ ಅನ್ನವನ್ನು ಮಾತ್ರ ರಾಶಿಗಟ್ಟಲೆ ಕೊಡಬೇಡಿ, ಹಸುವಿನ ಹೊಟ್ಟೆಯಲ್ಲಿ ಹುಳಿಯಾಗಿ ಜೀವಕ್ಕೇ ಕುತ್ತು ಬರಬಹುದು.

ಅನ್ನ, ತರಗೆಲೆ ಸೇರಿಸಿ ಗೊಬ್ಬರ ಮಾಡಲು ಮೂರು ಅಡಿ ಅಗಲದ ಎರಡು ಸಿಮೆಂಟ್ ರಿಂಗ್ ನೆರಳಿನಲ್ಲಿಡಿ, ಗಾಳಿಯಾಡಲು ಪಕ್ಕದಲ್ಲಿ ತೂತುಗಳಿರಲಿ. ತಳಕ್ಕೆ ಅರ್ಧ ಅಡಿ ತೆಂಗಿನ ನಾರು ಅಥವಾ ಕಡ್ಡಿ. ಮೇಲೆ ಒಂದು ಬುಟ್ಟಿ ಹಸಿ ಕಸಕ್ಕೆ ಎರಡು ಬುಟ್ಟಿ ತರಗೆಲೆ, ನಡುವೆ ಸ್ವಲ್ಪ ಸಗಣಿ ನೀರು. ಕೊನೆಯ ಪದರ ಯಾವಾಗಲೂ ಎಲೆಯದೇ ಆಗಬೇಕು, ಅನ್ನ ಕಣ್ಣಿಗೆ ಬಿದ್ದರೆ ಇಲಿ ಬರುತ್ತದೆ. ರಿಂಗ್ ತುಂಬುವವರೆಗೆ ವಾರಕ್ಕೊಮ್ಮೆ ತಿರುವಿ. ಒಂದು ಹಿಡಿ ತೆಗೆದು ಹಿಂಡಿದಾಗ ಒಂದೆರಡು ಹನಿ ಬಂದರೆ ಹದ ಸರಿ. ಧಾರೆಯಾಗಿ ಸುರಿದರೆ ಗಾಳಿ ಸಾಲದೆ ನಾತ ಹಿಡಿಯುತ್ತದೆ, ಆಗ ಒಣ ಎಲೆ ಸೇರಿಸಿ. ಇರುವೆ ಕಂಡರೆ ತೇವ ಕಡಿಮೆಯಾಗಿದೆ ಎಂದರ್ಥ. ದಪ್ಪ ಹುಳುಗಳು ಕಂಡು ಗಾಬರಿಯಾಗಿ ಫಿನಾಯಿಲ್ ಸುರಿಯುವವರಿದ್ದಾರೆ. ಆ ಹುಳುಗಳು ಕಸ ತಿನ್ನುವ ಕೆಲಸಗಾರರು, ಫಿನಾಯಿಲ್ ಬಿದ್ದರೆ ಇಡೀ ರಾಶಿ ಸತ್ತ ಹಾಗೆ. ಒಂದು ರಿಂಗ್ ತುಂಬಿದ ಮೇಲೆ ಎರಡು-ಮೂರು ತಿಂಗಳು ಮುಟ್ಟದೆ ಬಿಡಿ, ಅಷ್ಟರಲ್ಲಿ ಇನ್ನೊಂದು ತುಂಬುತ್ತದೆ.

ತರಗೆಲೆಗೆ ಬೆಂಕಿ ಹಚ್ಚುವುದು ಇಲ್ಲಿಗೆ ನಿಲ್ಲುತ್ತದೆ. ಎಣ್ಣೆ ಪ್ಯಾಕೆಟ್, ಚಿಪ್ಸ್ ಕವರ್‌ಗಳನ್ನು ತೊಳೆದು ಒಣಗಿಸಿ ಚೀಲದಲ್ಲಿ ಕಟ್ಟಿಟ್ಟು ಪಂಚಾಯಿತಿಯ ಒಣಕಸದ ಗಾಡಿಗೆ ಕೊಡಿ.

ಕೈ ತೊಳೆದ ನೀರು

ಕೈ ತೊಳೆಯುವ ಕಟ್ಟೆಯ ಕೊನೆಗೆ ಅನ್ನದ ಅಗುಳು ತಡೆಯುವ ಜಾಲರಿ ಹಾಕಿ. ನೀರನ್ನು ಮೂರಡಿ ಅಗಲ, ಮೂರಡಿ ಆಳದ ಗುಂಡಿಗೆ ಬಿಡಿ. ಗುಂಡಿಗೆ ಕಲ್ಲು ತುಂಬಿ, ಅಂಚಿನಲ್ಲಿ ಬಾಳೆ, ಕೆಸು ನೆಡಿ. ಪಾತ್ರೆ ತಿಕ್ಕಿದ ಮುಸುರೆ ನೀರನ್ನು ನೇರ ಬಿಟ್ಟರೆ ಎಣ್ಣೆ ಜಿಡ್ಡು ಮಣ್ಣಿನ ರಂಧ್ರ ಮುಚ್ಚಿ ಕೆಲವೇ ತಿಂಗಳಲ್ಲಿ ಗುಂಡಿ ಕಟ್ಟಿಕೊಳ್ಳುತ್ತದೆ. ಅದಕ್ಕೆ ಮೊದಲು ಸಣ್ಣ ತೊಟ್ಟಿಯಲ್ಲಿ ನಿಲ್ಲಿಸಿ, ತೇಲುವ ಜಿಡ್ಡನ್ನು ವಾರಕ್ಕೊಮ್ಮೆ ತೆಗೆಯಿರಿ. ಸಸಿ ನೆಡಲೇಬೇಕೆಂದಿದ್ದರೆ ಇದೇ ನೀರಿನ ದಾರಿಯಲ್ಲಿ ನೆಡಿ. ರಜೆಯಲ್ಲಿ ನೀರುಣಿಸುವವರ ಹೆಸರು ಬರೆದಿಟ್ಟುಕೊಂಡೇ ಗುಂಡಿ ತೋಡಿ.

ಚಾವಣಿಯ ಮಳೆ

ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಎರಡು ಕೊಠಡಿಗಳ 75 ಚದರ ಮೀಟರ್ ಆರ್‌ಸಿಸಿ ಚಾವಣಿಯಿಂದ ನೂರಕ್ಕೆ 80ರಷ್ಟು ಸಿಕ್ಕರೂ 5,000 ಲೀಟರ್ ಟ್ಯಾಂಕ್ ತುಂಬಲು 83 ಮಿ.ಮೀ. ಮಳೆ ಸಾಕು. ತಪ್ಪುವುದು ಮೊದಲ ಮಳೆಯ ಲೆಕ್ಕದಲ್ಲಿ. ಚಾವಣಿಯ ದೂಳು, ಹಕ್ಕಿ ಹಿಕ್ಕೆ ತೊಳೆದು ಬರುವ ಮೊದಲ 2 ಮಿ.ಮೀ. ಮಳೆ ಎಂದರೆ 150 ಲೀಟರ್. ಅದನ್ನು ಹೊರಹಾಕಲು ಮೂರು ಮೀಟರ್ ಉದ್ದದ ನಾಲ್ಕಿಂಚಿನ ಪೈಪ್ ನಿಲ್ಲಿಸಿದರೆ ಹಿಡಿಯುವುದು ಸುಮಾರು 24 ಲೀಟರ್ ಮಾತ್ರ. 200 ಲೀಟರ್‌ನ ಹಳೆಯ ಡ್ರಮ್ ಇಡುವುದೇ ಸರಿ. ಪ್ರತಿ ಮಳೆಯ ನಂತರ ಅದರ ತಳದ ನಲ್ಲಿ ತೆರೆದು ಖಾಲಿ ಮಾಡಬೇಕು. ಆಸ್ಬೆಸ್ಟಾಸ್ ಶೀಟಿನ ನೀರು ಗಿಡಕ್ಕಷ್ಟೇ ಇರಲಿ. ಟ್ಯಾಂಕ್ ಬಾಯಿಗೆ, ಓವರ್‌ಫ್ಲೋ ಪೈಪಿಗೆ ಸೊಳ್ಳೆ ಜಾಲರಿ ಕಟ್ಟದಿದ್ದರೆ ಡೆಂಗಿ ಸೊಳ್ಳೆ ಅಲ್ಲೇ ಮೊಟ್ಟೆಯಿಟ್ಟು ವಾರ-ಹತ್ತು ದಿನದಲ್ಲಿ ಹಾರುತ್ತದೆ.

ಕೊನೆಗೆ ಕರೆಂಟು

ಹಳೆಯ ಫ್ಯಾನ್ 75 ವಾಟ್, ಕಡಿಮೆ ಕರೆಂಟ್ ಎಳೆಯುವ ಹೊಸ ಬಗೆಯ ಮೋಟಾರಿನ ಬಿಎಲ್‌ಡಿಸಿ ಫ್ಯಾನ್ ಸುಮಾರು 30 ವಾಟ್. ಹತ್ತು ಫ್ಯಾನ್ ದಿನಕ್ಕೆ ಆರು ಗಂಟೆ ತಿರುಗಿದರೆ 4.5 ಯೂನಿಟ್ ಬದಲು 1.8 ಯೂನಿಟ್. ಸುಸ್ಥಿತಿಯಲ್ಲಿರುವುದನ್ನು ಕಿತ್ತು ಬಿಸಾಡುವ ಅಗತ್ಯವಿಲ್ಲ, ಸುಟ್ಟುಹೋದದ್ದನ್ನು ಬದಲಿಸುತ್ತಾ ಬನ್ನಿ. ರಿಮೋಟ್‌ನಿಂದ ನಡೆಯುವ ಬಿಎಲ್‌ಡಿಸಿ ಫ್ಯಾನಿಗೆ ಗೋಡೆಯ ಹಳೆಯ ರೆಗ್ಯುಲೇಟರ್ ಹೊಂದುವುದಿಲ್ಲ, ಎಲೆಕ್ಟ್ರಿಷಿಯನ್‌ಗೆ ಹೇಳಿ ಅದನ್ನು ತೆಗೆಸಿ. ರಿಮೋಟ್‌ಗಳ ಹಿಂದೆ ಕೊಠಡಿ ನಂಬರ್ ಬರೆದು ಹೆಡ್‌ಮಾಸ್ಟರ್ ಮೇಜಿನ ಡ್ರಾಯರ್‌ನಲ್ಲಿಡಿ. ತರಗತಿಯಲ್ಲಿ ಬಿಟ್ಟರೆ ಅವು ಒಂದು ವಾರ ಬಾಳುವುದೂ ಕಷ್ಟ.