ಐದು ನಿಮಿಷದ ಮನೆ ಪ್ರಾರ್ಥನೆ, ಉಳಿದದ್ದೆಲ್ಲ ಮಾತುಕತೆ

"ಮಕ್ಕಳು ಕುಟುಂಬ ಪ್ರಾರ್ಥನೆಗೆ ಕೂರೋದೇ ಇಲ್ಲ, ಏನು ಮಾಡೋದು?" ಅಂತ ಚಿಕ್ಕ ಮಕ್ಕಳ ತಾಯಂದಿರು ಕೇಳುತ್ತಿರುತ್ತಾರೆ. ನಾನು ಮೊದಲು ಕೇಳುವುದು, ಎಷ್ಟು ಹೊತ್ತು ಕೂರಿಸ್ತೀರಿ ಅಂತ. ಮುಕ್ಕಾಲು ಗಂಟೆ ಎಂದರೆ ದೊಡ್ಡವರೇ ತೂಕಡಿಸುತ್ತಾರೆ, ಮಕ್ಕಳ ಮಾತು ಬಿಡಿ. ಐದು ನಿಮಿಷ ಸಾಕು. ಆದರೆ ದಿನಾ ಇರಲಿ. ವಾರಕ್ಕೊಮ್ಮೆ ಉದ್ದಕ್ಕೆ ಎಳೆಯುವುದಕ್ಕಿಂತ ಅದೇ ವಾಸಿ.

ಹೊಸದಾಗಿ ಹೊತ್ತು ಹುಡುಕಲು ಹೋಗಬೇಡಿ. ರಾತ್ರಿ ಊಟ ಮುಗಿದು ಎಲ್ಲರೂ ಇನ್ನೂ ಎದ್ದಿರುವುದಿಲ್ಲ ನೋಡಿ, ಅದೇ ಸರಿಯಾದ ಹೊತ್ತು. ಸತ್ಯವೇದ, ಅಂದರೆ ಬೈಬಲ್, ಕೈಗೆ ಸಿಗುವ ಕಡೆ ಇಡಿ. ಬಟ್ಟೆ ಸುತ್ತಿ ಬೀರುವಿನ ಮೇಲಿಟ್ಟರೆ ತೆಗೆಯಲು ಯಾರಿಗೂ ಮನಸ್ಸು ಬರುವುದಿಲ್ಲ. ಅದರ ಧರ್ಮೋಪದೇಶಕಾಂಡ ಎಂಬ ಪುಸ್ತಕದ 6ನೇ ಅಧ್ಯಾಯದಲ್ಲಿ ಮಕ್ಕಳಿಗೆ ದೇವರ ಮಾತು ಯಾವಾಗ ಹೇಳಬೇಕು ಎಂದಿದೆ? ಮನೆಯಲ್ಲಿ ಕೂತಿರುವಾಗ, ದಾರಿಯಲ್ಲಿ ನಡೆಯುವಾಗ, ಮಲಗುವಾಗ, ಏಳುವಾಗ. ಎಲ್ಲವೂ ನಾವು ಹೇಗೂ ಮಾಡುವ ಕೆಲಸಗಳೇ ಅಲ್ವಾ?

ಏನು ಓದುವುದು ಎಂದು ಗೊತ್ತಾಗದಿದ್ದರೆ ಮಾರ್ಕನ ಸುವಾರ್ತೆಯಿಂದ ಶುರು ಮಾಡಿ. ಯೇಸುವಿನ ಜೀವನ ಹೇಳುವ ನಾಲ್ಕು ಸುವಾರ್ತೆಗಳಲ್ಲಿ ಅದೇ ಚಿಕ್ಕದು, 16 ಅಧ್ಯಾಯ. ಒಂದು ರಾತ್ರಿಗೆ ಒಂದೇ ಘಟನೆ ಸಾಕು, ಅಧ್ಯಾಯ ಮುಗಿಸುವ ಹಟ ಬೇಡ. ಓದುವಾಗ ಸಣ್ಣ ವಿವರಗಳನ್ನು ಹಾರಿಸಬೇಡಿ. 4ನೇ ಅಧ್ಯಾಯದಲ್ಲಿ ಬಿರುಗಾಳಿಗೆ ದೋಣಿಯೊಳಗೆ ನೀರು ತುಂಬುತ್ತಿದ್ದರೆ ಯೇಸು ದಿಂಬಿಗೆ ತಲೆ ಕೊಟ್ಟು ಮಲಗಿದ್ದಾನೆ. ಆ ದಿಂಬು ಮಕ್ಕಳಿಗೆ ಬಹಳ ಇಷ್ಟ. "ಅಷ್ಟು ಗದ್ದಲದಲ್ಲಿ ನಿದ್ದೆ ಹೇಗೆ ಬಂತು?" ಎಂದು ಕೇಳಿಯೇ ಕೇಳುತ್ತವೆ. ನೀವೇ ಉತ್ತರ ಹೇಳಿ ಮುಗಿಸಬೇಡಿ. "ನಿನಗೇನನ್ನಿಸುತ್ತೆ?" ಎನ್ನಿ. ತುಂಬಾ ದಣಿದ ರಾತ್ರಿಗೆ ಸತ್ಯವೇದದ 117ನೇ ಕೀರ್ತನೆ ಇದೆ. ಎರಡೇ ವಚನ.

ಪ್ರಾರ್ಥನೆಯನ್ನು ಮಕ್ಕಳೂ ಅವರದೇ ಮಾತಲ್ಲಿ ಮಾಡಲಿ. ಮುರಿದ ಆಟದ ಕಾರಿನ ಚಕ್ರಕ್ಕಾಗಿ ಮಗು ಎರಡು ನಿಮಿಷ ಬೇಡಿಕೊಂಡರೆ ಪಕ್ಕದವರ ಮುಖ ನೋಡಿ ನಗಬೇಡಿ. ಕಣ್ಣು ಮುಚ್ಚಿಕೊಂಡಿದ್ದರೂ ಅದಕ್ಕೆ ಗೊತ್ತಾಗುತ್ತದೆ. "ಆಮೆನ್" ಎಂದು ಗಟ್ಟಿಯಾಗಿ ಹೇಳಿ, ಅಷ್ಟೇ. ಜೊತೆಗೆ ಯೇಸು ಕಲಿಸಿದ ಕರ್ತನ ಪ್ರಾರ್ಥನೆ ಬಾಯಿಪಾಠವಾಗಲಿ. ಸ್ವಂತ ಮಾತು ಹೊರಡದಂಥ ದಿನಗಳು ದೊಡ್ಡವರಾದ ಮೇಲೆ ಎಲ್ಲರಿಗೂ ಬರುತ್ತವೆ. ಆಗ ಬಾಯಿಪಾಠವೇ ಕೈಹಿಡಿಯುವುದು.

ಒಂದು ಮಾತು ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ. ಪ್ರಾರ್ಥನೆಯನ್ನು ಬೈಗುಳ ಮಾಡಬೇಡಿ. "ದೇವರೇ, ಸುಳ್ಳು ಹೇಳುವ ಈ ಹುಡುಗನಿಗೆ ಬುದ್ಧಿ ಕೊಡು" ಎಂದು ಎಲ್ಲರೆದುರು ಬೇಡಿಕೊಂಡರೆ ಅದು ದೇವರಿಗೆ ಹೇಳಿದ್ದಲ್ಲ, ಹುಡುಗನಿಗೆ ಚುಚ್ಚಿದ್ದು. ದೇವರ ಹೆಸರಲ್ಲಿ ಹೆದರಿಸುವುದೂ ಅಷ್ಟೇ. ಮಕ್ಕಳನ್ನು ಕೆಣಕಿ ಸಿಟ್ಟಿಗೆಬ್ಬಿಸಬೇಡಿ ಎಂದು ಅಪೊಸ್ತಲ ಪೌಲ ಎಫೆಸ ಪಟ್ಟಣದ ಕ್ರೈಸ್ತರಿಗೆ ಬರೆದಾಗ ತಂದೆಯರನ್ನೇ ಕರೆದು ಹೇಳಿದ್ದಾನೆ. ಮಕ್ಕಳ ಮೇಲೆ ಸುಮ್ನೆ ರೇಗಿದ ದಿನ, ಅವರು ಮಲಗುವ ಮುಂಚೆ ನೀವೇ ಹೋಗಿ ಕ್ಷಮೆ ಕೇಳಿ. "ನನ್ನದು ತಪ್ಪಾಯ್ತು ಪುಟ್ಟ" ಎಂದರೆ ಸಾಕು. "ಆದರೆ ನೀನೂ..." ಎಂದು ಬಾಲ ಸೇರಿಸಬೇಡಿ.

ಕಾಣಿಕೆಯ ವಿಷಯಕ್ಕೆ, ಚರ್ಚ್ ಬಾಗಿಲಲ್ಲಿ ನಾಣ್ಯ ಕೈಗಿಟ್ಟರೆ ಮಗು ಪೋಸ್ಟ್‌ಮ್ಯಾನ್ ಕೆಲಸ ಮಾಡುತ್ತದೆ ಅಷ್ಟೇ. ತನಗೆ ಸಿಕ್ಕಿದ್ದರಲ್ಲೇ ಸ್ವಲ್ಪ ಎತ್ತಿಡಲಿ. ಕಷ್ಟದಲ್ಲಿರುವವರ ಮನೆಗೆ ಏನಾದರೂ ಕೊಡಲು ಹೋಗುವಾಗ ಅದನ್ನೂ ಕರೆದುಕೊಂಡು ಹೋಗಿ.

ಎಲ್ಲ ಮಕ್ಕಳಿಗೂ ಒಟ್ಟಿಗೆ ಹೇಳಿದ್ದು ಒಬ್ಬರಿಗೂ ಹೇಳಿದಂತಲ್ಲ. ಮೆಥೋಡಿಸ್ಟ್ ಸಭೆಗಳ ಮೂಲಪುರುಷ ಜಾನ್ ವೆಸ್ಲಿಯ ತಾಯಿ ಸುಸನ್ನಾ ವೆಸ್ಲಿ ಮನೆ ತುಂಬ ಮಕ್ಕಳಿದ್ದರೂ ಒಬ್ಬೊಬ್ಬರ ಜೊತೆ ಬೇರೆ ಬೇರೆ ಕೂತು ಮಾತಾಡಲು ವಾರದ ದಿನಗಳನ್ನು ಹಂಚಿಕೊಂಡಿದ್ದರು. 1712ರಲ್ಲಿ ಗಂಡನಿಗೆ ಬರೆದ ಪತ್ರದಲ್ಲಿ ಅದನ್ನು ಹೇಳಿದ್ದಾರೆ. ಜಾನ್ ಪಾಲಿಗೆ ಗುರುವಾರ. ನಿಮಗೆ ಅಷ್ಟಾಗದಿದ್ದರೆ ಮಡಿಸುವ ಬಟ್ಟೆಯ ರಾಶಿ ಮುಂದಿಟ್ಟುಕೊಂಡು ಒಬ್ಬನನ್ನೇ ಕರೆಯಿರಿ. ಕೈಗೆ ಕೆಲಸವಿದ್ದಾಗ ಮಕ್ಕಳ ಬಾಯಿ ಜಾಸ್ತಿ ಬಿಡುತ್ತದೆ. "ಪ್ರಾರ್ಥನೆ ಮಾಡಿದರೂ ತಾತ ಯಾಕೆ ಹೋಗಿಬಿಟ್ಟರು?" ಎಂಬಂಥ ಪ್ರಶ್ನೆಗಳು ಬರುವುದು ಆಗಲೇ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿ. ಇಬ್ಬರೂ ಕೂತು 13ನೇ ಕೀರ್ತನೆ ಓದಿ. ಅದರಲ್ಲಿ ದಾವೀದ ರಾಜನೇ, ಇನ್ನೆಷ್ಟು ಕಾಲ ನನ್ನನ್ನು ಮರೆತಿರುತ್ತೀ ಎಂದು ದೇವರನ್ನು ಕೇಳುತ್ತಾನೆ. ಹಾಗೆ ಕೇಳಬಹುದು ಎಂದು ಮಗುವಿಗೆ ಗೊತ್ತಾಗಲಿ.

ಹದಿನೈದು ದಾಟಿದವರು "ನಾನು ಬರಲ್ಲ" ಎಂದು ಬಾಗಿಲು ಹಾಕಿಕೊಂಡರೆ ರಂಪ ಮಾಡಬೇಡಿ. ಪ್ರಾರ್ಥನೆ ನಿಲ್ಲಿಸಲೂಬೇಡಿ. ಹಾಡು ಅವರ ಕೋಣೆಗೂ ಕೇಳಿಸುತ್ತದೆ. ಓದಿಗೋ ಕೆಲಸಕ್ಕೋ ದೂರ ಹೋದವರಿಗೆ ಫೋನ್ ಮಾಡಿದಾಗ "ಚರ್ಚ್‌ಗೆ ಹೋದ್ಯಾ?" ಎಂದು ಹಾಜರಿ ತೆಗೆದುಕೊಳ್ಳಬೇಡಿ, ಮರುವಾರದಿಂದ ಫೋನೇ ಎತ್ತುವುದಿಲ್ಲ. "ಈ ವಾರ ನಿನಗೋಸ್ಕರ ಏನು ಪ್ರಾರ್ಥನೆ ಮಾಡಲಿ?" ಎಂದು ಕೇಳಿ. ಹೇಳಿದ್ದನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಮುಂದಿನ ಸಲ ಮಾತಾಡುವಾಗ ಅದೇನಾಯ್ತು ಎಂದು ಮರೆಯದೆ ವಿಚಾರಿಸಿ.