ಎನ್‌ಕ್ರಿಪ್ಟ್ ಆದ ಫೈಲ್ ಪೆನ್‌ಡ್ರೈವ್‌ಗೆ ಹೋದಾಗ ಬೀಗ ಎಲ್ಲಿರುತ್ತದೆ?

ಅಡಿಕೆ ವ್ಯಾಪಾರದ ಲೆಕ್ಕ ಒಪ್ಪಿಸುವ ಹೊತ್ತಿಗೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯಿಂದ ಪೆನ್‌ಡ್ರೈವ್‌ಗಳು ಜೇಬಿನಲ್ಲಿ ಕೂತು ಶಿವಮೊಗ್ಗದ ಆಡಿಟರ್ ಕಚೇರಿಗೆ ಬರುತ್ತವೆ. ರಾಶಿ, ಬೆಟ್ಟೆ ಮಾರಿದ ಪಟ್ಟಿ, ಬ್ಯಾಂಕ್ ಸ್ಟೇಟ್‌ಮೆಂಟ್, ಆಧಾರ್ ಪ್ರತಿ ಎಲ್ಲ ಅದರಲ್ಲೇ. ಮನೆಯ ಕಂಪ್ಯೂಟರಿನಲ್ಲಿ ಫೋಲ್ಡರ್ ಎನ್‌ಕ್ರಿಪ್ಟ್ ಮಾಡಿಟ್ಟವರು, ಅಂದರೆ ಕೀಲಿ ಇಲ್ಲದವರು ಓದಲಾಗದಂತೆ ಮುಚ್ಚಿಟ್ಟವರು, ನಿಶ್ಚಿಂತರಾಗಿರುತ್ತಾರೆ. ಆದರೆ ದಾರಿಯಲ್ಲಿ ಬೀಗ ಕಳಚಿಬಿದ್ದಿರಬಹುದು, ಇಲ್ಲವೇ ಬೀಗ ಉಳಿದು ಕೀಲಿ ಮನೆಯಲ್ಲೇ ಬಿಟ್ಟಿರಬಹುದು.

ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್, ಅಡ್ವಾನ್ಸ್ಡ್ ಒತ್ತಿದರೆ ಸಿಗುವ ಎನ್‌ಕ್ರಿಪ್ಷನ್‌ಗೆ ಇಎಫ್‌ಎಸ್ ಎಂದು ಹೆಸರು. ವಿಂಡೋಸ್ 2000ದಿಂದ ಇದು ಇದೆ, ಹೋಮ್ ಆವೃತ್ತಿಗಳಲ್ಲಿ ಮಾತ್ರ ಇಲ್ಲ. ಪ್ರತಿ ಫೈಲಿಗೂ ಒಂದೊಂದು ಕೀಲಿ ಹುಟ್ಟುತ್ತದೆ. ಆ ಕೀಲಿಯನ್ನು ನಿಮ್ಮ ಸರ್ಟಿಫಿಕೇಟ್‌ನಿಂದ (ನಿಮ್ಮ ಹೆಸರಿನ ಡಿಜಿಟಲ್ ಗುರುತು) ಮತ್ತೆ ಮುಚ್ಚಿ, ಫೈಲಿನ ಜೊತೆಗೇ ಎನ್‌ಟಿಎಫ್‌ಎಸ್ (ವಿಂಡೋಸ್ ಡಿಸ್ಕ್‌ನಲ್ಲಿ ಫೈಲುಗಳನ್ನು ಜೋಡಿಸಿಡುವ ಏರ್ಪಾಡು) ತನ್ನೊಳಗೆ ಇಟ್ಟುಕೊಳ್ಳುತ್ತದೆ. ಸರ್ಟಿಫಿಕೇಟಿನ ಖಾಸಗಿ ಕೀಲಿ ಇರುವುದು ನಿಮ್ಮ ವಿಂಡೋಸ್ ಖಾತೆಯಲ್ಲಿ. ನೀವು ಲಾಗಿನ್ ಆಗಿದ್ದಾಗ ಯಾವುದೇ ಪ್ರೋಗ್ರಾಂ ಫೈಲ್ ಓದಿದರೂ ಅದಕ್ಕೆ ಸಿಗುವುದು ಬಿಚ್ಚಿದ ಪ್ರತಿಯೇ. ಇಮೇಲ್‌ಗೆ ಲಗತ್ತಿಸಿದರೆ ಹೋಗುವುದೂ ಅದೇ. ಅಂದರೆ ಬೀಗ ಇರುವುದು ಗೋದಾಮಿನ ಏರ್ಪಾಡಿನಲ್ಲಿ, ಚೀಲದ ಬಾಯಿಗೆ ಹೊಲಿಗೆ ಬಿದ್ದಿಲ್ಲ.

ಒಂದೇ ಕಂಪ್ಯೂಟರಿನ ಒಂದು ಎನ್‌ಟಿಎಫ್‌ಎಸ್ ಡ್ರೈವ್‌ನಿಂದ ಇನ್ನೊಂದಕ್ಕೆ ಸಾಗಿಸಿದರೆ ಎನ್‌ಕ್ರಿಪ್ಷನ್ ಉಳಿಯುತ್ತದೆ. ತೊಂದರೆ ಶುರುವಾಗುವುದು ಪೆನ್‌ಡ್ರೈವ್‌ನಲ್ಲಿ. ಅವುಗಳಲ್ಲಿ ಹೆಚ್ಚಾಗಿ ಎನ್‌ಟಿಎಫ್‌ಎಸ್ ಬದಲು ಫ್ಯಾಟ್32 ಅಥವಾ ಎಕ್ಸ್‌ಫ್ಯಾಟ್ ಎಂಬ ಏರ್ಪಾಡು ಇರುತ್ತದೆ. ಡ್ರೈವ್‌ನ ಪ್ರಾಪರ್ಟೀಸ್‌ನಲ್ಲಿ ಫೈಲ್ ಸಿಸ್ಟಮ್ ಎಂಬ ಸಾಲು ನೋಡಿದರೆ ಗೊತ್ತಾಗುತ್ತದೆ. ವಿಂಡೋಸ್ 7ರಲ್ಲಿ ‘ಎನ್‌ಕ್ರಿಪ್ಷನ್ ಇಲ್ಲದೆ ಕಾಪಿ ಮಾಡಲೇ?’ ಎಂಬ ಪ್ರಶ್ನೆ ಬರುತ್ತದೆ. ಅವಸರದಲ್ಲಿ ಹೂಂ ಎಂದರೆ ಬರಿಯ ಫೈಲ್ ಹೋಗುತ್ತದೆ. ವಿಂಡೋಸ್ 10ರ 1607ನೇ ಆವೃತ್ತಿಯಿಂದ ಈಚೆಗೆ ಕಥೆ ತಿರುಗಿದೆ: ಫ್ಯಾಟ್ ಡಿಸ್ಕ್‌ಗಳಲ್ಲೂ ಎನ್‌ಕ್ರಿಪ್ಷನ್ ಉಳಿಯಬಲ್ಲದು, ಆದರೆ ಫೈಲಿನ ಹೆಸರಿನ ಕೊನೆಗೆ ಪಿಫೈಲ್ ಎಂಬ ಬಾಲ ಸೇರುತ್ತದೆ. ಆಡಿಟರ್ ಮೇಜಿನ ಮೇಲೆ ಅದು ತೆರೆಯುವುದಿಲ್ಲ. ಫೈಲ್ ಹಾಳಾಗಿದೆ ಎಂದು ಅಳಿಸಬೇಡಿ, ಕೀಲಿ ಅಲ್ಲಿಲ್ಲ ಅಷ್ಟೇ.

ಸಾಗಿಸುವ ಮೊದಲು ಮಾಡಲೇಬೇಕಾದ ಕೆಲಸ ಕೀಲಿಯ ಪ್ರತಿ ತೆಗೆಯುವುದು. ಕಮಾಂಡ್ ಪ್ರಾಂಪ್ಟ್‌ನಲ್ಲಿ ಸೈಫರ್ ಎಂದು ಟೈಪ್ ಮಾಡಿ, ಒಂದು ಖಾಲಿ ಜಾಗ ಬಿಟ್ಟು, ಓರೆಗೆರೆ ಹಾಕಿ ಎಕ್ಸ್ ಅಕ್ಷರ ಒತ್ತಿ (cipher /x), ಎಂಟರ್ ಕೊಡಿ. ಫೈಲಿನ ಹೆಸರು, ಪಾಸ್‌ವರ್ಡ್ ಕೇಳಿ ಪಿಎಫ್‌ಎಕ್ಸ್ ಫೈಲೊಂದನ್ನು ಕೊಡುತ್ತದೆ. ಅದನ್ನು ಬೇರೆ ಪೆನ್‌ಡ್ರೈವ್‌ನಲ್ಲಿ ಹಾಕಿ ಬೀರುವಿನಲ್ಲಿಡಿ. ಮಳೆಗಾಲದ ಸಿಡಿಲಿಗೆ ಕಂಪ್ಯೂಟರ್ ಸುಟ್ಟು, ಉಳಿದ ಡಿಸ್ಕನ್ನು ಬೇರೆ ಯಂತ್ರಕ್ಕೆ ಹಾಕಿದರೆ ಫೈಲಿನ ಹೆಸರು ಕಾಣುತ್ತದೆ, ತೆರೆಯಲು ಹೋದರೆ ಅನುಮತಿ ಇಲ್ಲ ಎನ್ನುತ್ತದೆ. ಆಗ ಪಿಎಫ್‌ಎಕ್ಸ್ ಮೇಲೆ ಡಬಲ್ ಕ್ಲಿಕ್ ಮಾಡಿ ಪಾಸ್‌ವರ್ಡ್ ಕೊಟ್ಟರೆ ಬಾಗಿಲು ತೆರೆಯುತ್ತದೆ. ಡಿಸ್ಕ್ ಫಾರ್ಮ್ಯಾಟ್ ಮಾಡಿ ವಿಂಡೋಸ್ ಹೊಸದಾಗಿ ಹಾಕುವ ಮೊದಲೂ, ಲಾಗಿನ್ ಪಾಸ್‌ವರ್ಡ್ ಮರೆತು ಬೇರೆ ಖಾತೆಯಿಂದ ಬದಲಿಸುವ ಮೊದಲೂ ಈ ಪ್ರತಿ ಇರಬೇಕು.

ಬೇರೆಯವರಿಗೆ ಕೊಡುವ ಫೈಲಿಗೆ ನಮ್ಮ ಸಲಹೆ 7-ಜಿಪ್, ಹಲವು ಫೈಲುಗಳನ್ನು ಆರ್ಕೈವ್ ಎಂಬ ಒಂದೇ ಕಟ್ಟಾಗಿ ಮಾಡಿ ಪಾಸ್‌ವರ್ಡ್ ಹಾಕುವ ಪ್ರೋಗ್ರಾಂ. ಇದರಲ್ಲಿ ಬೀಗ ಫೈಲಿನ ಒಳಗೇ ಇರುವುದರಿಂದ ಫ್ಯಾಟ್, ಎನ್‌ಟಿಎಫ್‌ಎಸ್, ಲಿನಕ್ಸ್ ಎಲ್ಲಿಗೆ ಹೋದರೂ ಕಳಚುವುದಿಲ್ಲ. ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ಆರ್ಕೈವ್‌ಗೆ ಸೇರಿಸಿ. ಮಾದರಿ 7ಝಡ್ ಇರಲಿ, ಅದರ ಎನ್‌ಕ್ರಿಪ್ಷನ್ ಎಇಎಸ್-256. ಫೈಲಿನ ಹೆಸರುಗಳನ್ನೂ ಮುಚ್ಚುವ ಚೌಕಕ್ಕೆ ಗುರುತು ಹಾಕಿ, ಇಲ್ಲದಿದ್ದರೆ ಪಾಸ್‌ವರ್ಡ್ ಇಲ್ಲದವರಿಗೂ ಹೆಸರುಗಳ ಪಟ್ಟಿ ಕಾಣುತ್ತದೆ. ಹಲವರು ಎಡವುವುದು ಇಲ್ಲಿ: ಆರ್ಕೈವನ್ನು ಎನ್‌ಕ್ರಿಪ್ಟ್ ಆದ ಫೋಲ್ಡರ್ ಒಳಗೇ ಮಾಡಿದರೆ ಅದಕ್ಕೂ ಇಎಫ್‌ಎಸ್ ಅಂಟಿಕೊಂಡು ಪೆನ್‌ಡ್ರೈವ್‌ನಲ್ಲಿ ಮತ್ತೆ ಪಿಫೈಲ್ ಆಗಬಹುದು. ಆರ್ಕೈವಿನ ಜಾಗವಾಗಿ ನೇರ ಪೆನ್‌ಡ್ರೈವನ್ನೇ ತೋರಿಸಿ. ಪಾಸ್‌ವರ್ಡನ್ನು ಫೋನಿನಲ್ಲಿ ಹೇಳಿ, ಪೆನ್‌ಡ್ರೈವ್‌ಗೆ ಚೀಟಿ ಅಂಟಿಸಬೇಡಿ.

ವೆರಾಕ್ರಿಪ್ಟ್ ಎಂಬ ಪ್ರೋಗ್ರಾಂ ಮಾಡಿಕೊಡುವ ಬೀಗದ ಪೆಟ್ಟಿಗೆಯಂಥ ಫೈಲ್ (ಕಂಟೇನರ್) ಕೂಡ ಹೀಗೆಯೇ ಬೀಗಸಮೇತ ಸಾಗುತ್ತದೆ, ಆದರೆ ಫ್ಯಾಟ್32ರಲ್ಲಿ 4 ಜಿಬಿ ಮುಟ್ಟುವ ಫೈಲ್ ಹಿಡಿಯುವುದಿಲ್ಲ. ಬಿಟ್‌ಲಾಕರ್ ಇಡೀ ಡ್ರೈವ್‌ನ ಬೀಗ. ಅದರಿಂದ ಹೊರಗೆ ಕಾಪಿ ಆದ ಫೈಲಿಗೆ ಯಾವ ರಕ್ಷಣೆಯೂ ಇಲ್ಲ.

ಕರೆಂಟ್ ಯಾವಾಗ ಹೋಗುತ್ತದೋ ತಿಳಿಯದ ಊರುಗಳಲ್ಲಿ ಕಟ್-ಪೇಸ್ಟ್ ಮಾಡಲೇಬೇಡಿ. ಬೇರೆ ಡಿಸ್ಕ್‌ಗೆ ಮೂವ್ ಎಂದರೆ ಕಾಪಿ ಮಾಡಿ ಮೂಲವನ್ನು ಅಳಿಸುವುದು. ಎನ್‌ಟಿಎಫ್‌ಎಸ್‌ಗೆ ಇರುವ ಜರ್ನಲ್ (ಬದಲಾವಣೆಗಳನ್ನು ಬರೆದಿಡುವ ದಾಖಲೆ) ಫ್ಯಾಟ್ ಡಿಸ್ಕ್‌ಗೆ ಇಲ್ಲ, ಬರೆಯುತ್ತಿರುವಾಗ ಕರೆಂಟ್ ಹೋದರೆ ಅಲ್ಲಿನ ಪ್ರತಿ ಕೆಡಬಹುದು. ಕಾಪಿ ಮಾಡಿ, ಎಜೆಕ್ಟ್ ಕೊಟ್ಟು ತೆಗೆಯಿರಿ. ಮತ್ತೆ ಚುಚ್ಚಿ 7-ಜಿಪ್‌ನ ಟೆಸ್ಟ್ ಓಡಿಸಿ. ಸಾಧ್ಯವಿದ್ದರೆ ಇನ್ನೊಂದು ಕಂಪ್ಯೂಟರಿನಲ್ಲೂ ತೆರೆದು ನೋಡಿ. ಮನೆಯ ಪ್ರತಿ ಅಳಿಸುವ ಮಾತು ಆಮೇಲೆ.